ಜಾರ್ಜಣ್ಣ ಹೊಸ್ತಿಲು ದಾಟಲಿಲ್ಲ

ನಮ್ಮ ನಾದಿನಿಗೆ ತಲೆ ಕೆಟ್ಟಿದೆ ಅಂತ ಕೊತ್ತತ್ತಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಮಾತ್ರ ಒಪ್ಪುವುದಿಲ್ಲ. ಕೆಡಬೇಕಾದರೆ ಮೊದಲು ನೆಟ್ಟಗಿರಬೇಕಲ್ಲ! ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನಾಲ್ಕು ವರ್ಷ. ಉಳಿದವರೆಲ್ಲ ನನ್ನ ಒಡವೆ ನೋಡುತ್ತಿದ್ದರೆ ಇವಳು ಬಂದು ನನ್ನ ಬಾಯಿ ತೆಗೆಸಿ ಹಲ್ಲು ಎಣಿಸಿದವಳು. ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಒಂದು ತಿಂಗಳಾಯಿತು. ಎಲ್ಲರಿಗೂ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಕಳಿಸು ಅಂದಳು. ಅಷ್ಟಕ್ಕೆ ಈ ವಯಸ್ಸಿನಲ್ಲಿ ಇಷ್ಟು ಒದ್ದಾಡಬೇಕೆ? ಒಂದೇ ಬೆರಳಲ್ಲಿ ಒತ್ತಬೇಕಾದರೂ ಸರಿ, ನಾದಿನಿಯ ವಿಷಯವನ್ನೇ ಬರೆಯುತ್ತೇನೆ. ಅವಳು ಓದಿದರೂ ಓದಲಿ.

ಅವಳು ಮೈಸೂರಿನಲ್ಲಿ ನರ್ಸಿಂಗ್ ಕಲಿತು ಇಂಗ್ಲೆಂಡಿಗೆ ಹೋದಳು. ಮೂವತ್ತು ವರ್ಷ ಅಲ್ಲಿನ ಮುದುಕ ಮುದುಕಿಯರ ಆರೈಕೆ ಮಾಡಿದಳು. ಮದುವೆಯಾಗಲಿಲ್ಲ. ಯಾಕೆ ಅಂದರೆ ಪುರುಸೊತ್ತಾಗಲಿಲ್ಲ ಅನ್ನುತ್ತಿದ್ದಳು. ಹೋದ ವರ್ಷ ಒಂದು ದಿನ ಫೋನ್ ಮಾಡಿದಳು.

"ನಾನೂ ಜಾರ್ಜೂ ಬತ್ತಾ ಇದ್ದೀವಿ ಅತ್ಗೆ. ಇನ್ನು ಅಲ್ಲೇ ಇದ್ಬುಡ್ತೀವಿ. ಜಾರ್ಜ್‌ಗೆ ಸೊಂಟ ಸರಿ ಇಲ್ಲ, ಏರ್‌ಪೋರ್ಟಿಗೆ ದೊಡ್ಡ ಕಾರು ಕಳ್ಸಿ."

ನಮ್ಮ ಯಜಮಾನರು ಅಲ್ಲೇ ಕೂತುಬಿಟ್ಟರು. ಅರವತ್ತರ ಅಂಚಿಗೆ ಬಂದು ತಂಗಿ ಒಬ್ಬ ಬಿಳಿಯನನ್ನು ಕಟ್ಟಿಕೊಂಡಳಲ್ಲ! ಆಮೇಲೆ ಏನು ಮಾಡುವುದು, ಅಳಿಯ ಅಂದಮೇಲೆ ಅಳಿಯ. ಮನೆಗೆ ಸುಣ್ಣ ಹೊಡೆಸಿದೆವು. ಸೊಂಟ ಸರಿಯಿಲ್ಲದ ಬಿಳಿಯ ನಮ್ಮ ಹಾಗೆ ಕುಕ್ಕರಗಾಲಲ್ಲಿ ಕೂರುವುದುಂಟೆ ಅಂತ ಹಿತ್ತಲಿನಲ್ಲಿ ಕುರ್ಚಿಯಂಥ ಕಮೋಡು ಹಾಕಿಸಿದೆವು. ಪಕ್ಕದ ಮನೆಯ ಸಣ್ಣಮ್ಮ ಆರತಿ ತಟ್ಟೆ ಹಿಡಿದು ಬೆಳಿಗ್ಗೆಯಿಂದಲೇ ಬಾಗಿಲಲ್ಲಿ ಕಾದಳು.

ಕಾರು ಬಂತು. ಈ ಕಡೆಯ ಬಾಗಿಲಿನಿಂದ ನಾದಿನಿ ಇಳಿದಳು, ಕೈಯಲ್ಲಿ ಮದ್ದೂರು ವಡೆಯ ಪೊಟ್ಟಣ. ಆ ಕಡೆಯ ಬಾಗಿಲಿನಿಂದ ಜಾರ್ಜ್ ಇಳಿದ. ಜೇನಿನ ಬಣ್ಣ, ಬಿಳಿ ಗಡ್ಡ, ನಾಲ್ಕು ಕಾಲು, ಒಂದು ಬಾಲ. ಮೆಲ್ಲಗೆ ನಡೆದು ಬಂದು ಆರತಿ ತಟ್ಟೆ ಮೂಸಿ ಒಂದು ಸೀನು ಸೀನಿದ. ದೀಪ ಆರಿಹೋಯಿತು. ಯಜಮಾನರು ಆ ದಿನ ಆಡಿದ ಮೊದಲನೆಯ ಮಾತು, "ಸದ್ಯ!"

ಕಮೋಡು ಏನಾಯಿತು ಅನ್ನುತ್ತೀರಾ? ನನ್ನ ಮಂಡಿನೋವಿಗೆ ಆಯಿತು. ಜಾರ್ಜಣ್ಣ ನೂರು ವರ್ಷ ಬಾಳಲಿ.

ಜಗಳ ಶುರುವಾದದ್ದು ಹೊಸ್ತಿಲ ಹತ್ತಿರ. ಈ ಮನೆಯಲ್ಲಿ ನಮ್ಮತ್ತೆ ಇಟ್ಟುಹೋದ ಕಟ್ಟಳೆ ಒಂದಿದೆ: ನಾಯಿ ಹೊಸ್ತಿಲು ದಾಟಬಾರದು. ಜಗುಲಿಯ ಮೇಲೆ ಮಲಗಲಿ, ಬಾಗಿಲಲ್ಲಿ ಮುದ್ದೆ ತಿನ್ನಲಿ, ಕಳ್ಳ ಬಂದರೆ ಬೊಗಳಲಿ, ಒಳಗೆ ಮಾತ್ರ ಕಾಲಿಡಬಾರದು. ನಾನು ನಲವತ್ತೈದು ವರ್ಷ ಆ ಹೊಸ್ತಿಲಿಗೆ ಅರಿಶಿನ ಬಳಿದವಳು. ಬಿಡುತ್ತೇನೆಯೇ?

"ನಾಯಿ ಒಳೀಕೆ ಬರಂಗಿಲ್ಲ ಕಣಮ್ಮಿ" ಅಂದೆ.

"ಜಾರ್ಜು ನಮ್ಮನೆಯವ್ನು ಅತ್ಗೆ. ಅಲ್ಲಿ ನನ್ನ ಮಂಚದ ಮೇಲೇ ಮಲಗ್ತಿದ್ದ."

"ಇಲ್ಲಿ ಜಗುಲಿ ಮೇಲೆ ಮಲಗ್ತನೆ."

"ಅವನು ಬರ್ದಿದ್ರೆ ನಾನೂ ಬರಲ್ಲ."

"ಬರಬ್ಯಾಡ."

ಬಂದರೆ ಕೇಳಿ! ಮನೆಯ ಪಕ್ಕಕ್ಕೆ ನಮ್ಮ ಹಳೆಯ ದನದ ಕೊಟ್ಟಿಗೆ ಇತ್ತು. ದನ ಕೊಟ್ಟ ಮೇಲೆ ಸೌದೆ ತುಂಬಿದ್ದೆವು. ಸೌದೆ ಹೊರಗೆ ಹಾಕಿಸಿದಳು, ನೆಲ ತೊಳೆಸಿದಳು, ಫ್ಯಾನು ಹಾಕಿಸಿದಳು. ತನಗೊಂದು ಹಗ್ಗದ ಮಂಚ, ಜಾರ್ಜಣ್ಣನಿಗೆ ನನ್ನ ಹಾಸಿಗೆಗಿಂತ ದಪ್ಪದ ಹಾಸಿಗೆ. ಅವಳು ನಮ್ಮತ್ತೆಯ ಮಗಳು, ನಾನು ನಮ್ಮತ್ತೆಯ ಸೊಸೆ. ಹಟ ಇಬ್ಬರಿಗೂ ಒಂದೇ ಕಡೆಯಿಂದ ಬಂದಿದೆ. ನಡುಮನೆಯಲ್ಲಿ ಅವಳ ಅವ್ವನ ಫೋಟೋ ಇದೆ. ಅದಕ್ಕೂ ಬಾಗಿಲ ಆಚೆ ನಿಂತೇ ಕೈಮುಗಿದಳು. ಊಟದ ಹೊತ್ತಿಗೆ ನಾನು ತಟ್ಟೆಯನ್ನು ಹೊಸ್ತಿಲ ಮೇಲಿಡುತ್ತಿದ್ದೆ, ಅವಳು ಆಚೆಯಿಂದ ಎಳೆದುಕೊಳ್ಳುತ್ತಿದ್ದಳು. ನಾನು ಒಳಗೆ, ಅವಳು ಹೊರಗೆ, ನಡುವೆ ಹೊಸ್ತಿಲು. ಹೀಗೆ ಹನ್ನೊಂದು ತಿಂಗಳು ಒಂದು ಹೊತ್ತೂ ತಪ್ಪದೆ ಒಟ್ಟಿಗೇ ಉಂಡಿದ್ದೇವೆ.

ಊರು ಸುಮ್ಮನಿರುತ್ತದೆಯೇ? ತವರಿಗೆ ಬಂದ ಹೆಣ್ಣುಮಗಳನ್ನು ಕೊಟ್ಟಿಗೆಗೆ ಹಾಕಿದಳು ಅಂತ ಕೆಟ್ಟ ಹೆಸರು ಬಂದದ್ದು ಯಾರಿಗೆ? ನನಗೆ. ನನ್ನ ತವರು ಕಿರುಗಾವಲು. ಅಲ್ಲಿಗೆ ಹೋಗಬೇಕಾದರೆ ನಾನು ಮಂಡ್ಯಕ್ಕೆ ಹೋಗಿ, ಮಳವಳ್ಳಿ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹತ್ತಬೇಕು. ಸುದ್ದಿಗೆ ಯಾವ ಬಸ್ಸೂ ಬೇಕಾಗಲಿಲ್ಲ. ನನ್ನ ತಮ್ಮ ಸಂಜೆಗೇ ಫೋನ್ ಮಾಡಿ ಮಾನ ಮರ್ಯಾದೆ ಅಂತ ಶುರು ಮಾಡಿದ. ನಿನ್ನ ಮನೆಯ ಹೊಸ್ತಿಲು ನೀನು ನೋಡಿಕೊ ಅಂತ ಇಟ್ಟುಬಿಟ್ಟೆ.

ಇನ್ನು ಅವಳ ಬೆಳಗಿನ ವಾಕಿಂಗು. ಜಾರ್ಜಣ್ಣನ ಕುತ್ತಿಗೆಗೆ ಪಟ್ಟಿ, ಪಟ್ಟಿಗೆ ಹಗ್ಗ, ನಾಲೆ ಏರಿಯ ಮೇಲೆ ಇಬ್ಬರ ಸವಾರಿ. ಜಾರ್ಜಣ್ಣ ಕಬ್ಬಿನ ಗದ್ದೆಯ ಬದಿಯಲ್ಲಿ ತನ್ನ ಕೆಲಸ ಮುಗಿಸಿದರೆ, ಇವಳು ಸೊಂಟ ಬಗ್ಗಿಸಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ತೆಗೆದು, ಗಂಟು ಹಾಕಿ, ಕೈಯಲ್ಲಿ ಹಿಡಿದುಕೊಂಡು ಊರೆಲ್ಲ ನಡೆದು ಬರುವಳು. ಮೊದಲ ದಿನ ನೋಡಿದ ಸಣ್ಣಮ್ಮನಿಗೆ ಕರುಳು ಚುರ್ ಅಂದಿತು.

"ಪಾಪ, ಯಾವ ಲ್ಯಾಬಿಗಮ್ಮಿ? ಮಂಡ್ಯಕ್ಕಾದ್ರೆ ನಮ್ಮುಡ್ಗ ಬೈಕಲ್ಲಿ ಓಯ್ತಾವ್ನೆ, ಕೊಟ್ಟು ಕಳ್ಸು."

ಲ್ಯಾಬಿಗಲ್ಲ, ತಿಪ್ಪೆಗೆ ಅಂತ ಗೊತ್ತಾದ ಮೇಲೆ ಸಣ್ಣಮ್ಮ ಒಂದು ವಾರ ಮಾತೇ ಆಡಲಿಲ್ಲ. ಅಲ್ಲಿ ಹೀಗೆ ಎತ್ತದಿದ್ದರೆ ದಂಡ ಹಾಕುತ್ತಾರಂತೆ. ನಮ್ಮ ಯಜಮಾನರಿಗೆ ಇದನ್ನು ನಂಬುವುದಕ್ಕೇ ಆಗಲಿಲ್ಲ. ಅಷ್ಟು ದೊಡ್ಡ ಸರ್ಕಾರ, ನಮ್ಮನ್ನು ಇನ್ನೂರು ವರ್ಷ ಆಳಿದ್ದು, ಈಗ ನಾಯಿಯ ಹಿಂದೆ ನಿಂತು ಇದನ್ನು ಕಾಯುತ್ತಿದೆಯೇ? ಹಿಂದೆಯೇ ಈ ಕೆಲಸ ಕೊಟ್ಟಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲವಲ್ಲ ಅಂದರು.

ಜಾರ್ಜಣ್ಣನಿಗೆ ಅವಳು ಡಬ್ಬಿಯಿಂದ ಅಳೆದು ಹಾಕುತ್ತಿದ್ದದ್ದು ಗೋಲಿಯಂಥ ಒಣ ತಿಂಡಿ. ನೋಡಿದರೆ ಪಾಪ ಅನ್ನಿಸುತ್ತಿತ್ತು. ಅವಳು ಸ್ನಾನಕ್ಕೆ ಹೋದಾಗ ನಾನು ಒಂದು ರಾಗಿಮುದ್ದೆ ತಣ್ಣಗೆ ಮಾಡಿ ಇಟ್ಟೆ. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಅಂತ ನಮ್ಮೂರಲ್ಲಿ ಹಾಲು ಬಿಟ್ಟ ಕೂಸಿಗೂ ಗೊತ್ತು. ಇಂಗ್ಲೆಂಡಿನವನಿಗೆ ಯಾರು ಹೇಳಿಕೊಡಬೇಕು? ಅಗಿದ! ಅದು ಬಾಯಿಯ ಅಂಗುಳಕ್ಕೆ ಮೆತ್ತಿಕೊಂಡು ಅರ್ಧ ಗಂಟೆ ನಾಲಿಗೆ ಒಳಗೆ ಹೋಗಲಿಲ್ಲ. ಆಗ ನಮ್ಮ ಬೀದಿಯ ನಾಯಿ ಕೆಂಚ ಬಂದು, ಉಳಿದ ಮುದ್ದೆಯನ್ನು ಒಂದೇ ಸಲಕ್ಕೆ ಗುಳುಂ ಮಾಡಿ ತೋರಿಸಿದ. ಎಂಟು ದಿನದಲ್ಲಿ ಜಾರ್ಜಣ್ಣನೂ ಕಲಿತ. ಒಂಬತ್ತನೆಯ ದಿನ ಡಬ್ಬಿಯ ತಿಂಡಿಯನ್ನು ಮೂಸಿ, ಮುಖ ತಿರುಗಿಸಿ, ಬಂದು ಹೊಸ್ತಿಲಿಗೆ ಗಡ್ಡ ಆನಿಸಿ ನನ್ನ ಒಲೆಯನ್ನೇ ನೋಡುತ್ತಾ ಕೂತ. ನಾದಿನಿ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ.

ಕೆಂಚನ ವಿಷಯಕ್ಕೇ ನಮ್ಮಿಬ್ಬರ ದೊಡ್ಡ ವಾದ ನಡೆದದ್ದು. ಕೆಂಚ ಯಾರ ನಾಯಿ ಅಂದರೆ ಯಾರದ್ದೂ ಅಲ್ಲ, ಎಲ್ಲರದ್ದೂ. ಬೆಳಿಗ್ಗೆ ನಮ್ಮ ಮನೆಯ ಮುದ್ದೆ, ಮಧ್ಯಾಹ್ನ ಸಣ್ಣಮ್ಮನ ಮನೆಯ ಅನ್ನ, ಭಾನುವಾರ ಯಾರ ಮನೆಯಲ್ಲಿ ಮಸಾಲೆ ಅರೆಯುವ ಸದ್ದು ಕೇಳಿದರೆ ಅವರ ಮನೆ. ಅವನಿಗೆ ಪಟ್ಟಿಯಿಲ್ಲ, ಹಗ್ಗವಿಲ್ಲ.

"ನಿನ್ನ ಜಾರ್ಜಣ್ಣನ್ಗೆ ನೀನೊಬ್ಳೇ ದಿಕ್ಕು. ನಮ್ಮ ಕೆಂಚನ್ಗೆ ಏಳು ಮನೆ ಅದೆ" ಅಂದೆ.

"ಏಳು ಮನೆಯವ್ರೂ ಕಲ್ಲು ಬೀಸ್ತೀರಲ್ಲ ಅತ್ಗೆ? ದೇವಸ್ಥಾನದಲ್ಲಿ ಭೈರವನ ಪಕ್ಕದ ನಾಯಿಗೆ ಕುಂಕುಮ ಇಕ್ಕಿ ಬತ್ತೀರಿ, ಬೀದೀಲಿ ಅದೇ ನಾಯಿಗೆ ಕಲ್ಲು."

"ಬೀಸ್ತೀವಿ. ಕೂಳೂ ಇಕ್ತೀವಿ. ನಾವು ಮಕ್ಕಳ ಸಾಕಿದ್ದೂ ಇಂಗೇಯ."

ಗೆದ್ದೆ ಅಂದುಕೊಂಡೆ. ಅವಳು ಒಂದೇ ಪ್ರಶ್ನೆ ಕೇಳಿದಳು: ಏಳು ಮನೆಯಲ್ಲಿ ಕೆಂಚನಿಗೆ ಹುಚ್ಚುನಾಯಿ ರೋಗದ ಸೂಜಿ ಹಾಕಿಸಿದವರು ಯಾರು? ನಾನು ಏಳು ಮನೆಯನ್ನೂ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದೆ. ಯಾರೂ ಸಿಗಲಿಲ್ಲ. ಮಾರನೆಯ ದಿನ ಅವಳು ಆಟೋದಲ್ಲಿ ಕೆಂಚನನ್ನು ಕೂರಿಸಿಕೊಂಡು ಮಂಡ್ಯಕ್ಕೆ ಹೋಗಿ ಸೂಜಿ ಹಾಕಿಸಿ ತಂದಳು. ಹಿಡಿದುಕೊಳ್ಳಲು ಜೊತೆಗೆ ಹೋದವಳು ಯಾರು ಅಂತ ನೀವು ಕೇಳಬೇಡಿ, ನಾನು ಹೇಳುವುದಿಲ್ಲ. ಆಟೋದವನು ಇಂದಿಗೂ ನನ್ನನ್ನು ನೋಡಿದರೆ ನಗುತ್ತಾನೆ.

ಹೀಗೆ ಹನ್ನೊಂದು ತಿಂಗಳು ನಡೆದು, ಹೋದ ವಾರ ಜಾರ್ಜಣ್ಣ ಮುದ್ದೆ ಬಿಟ್ಟ. ಹಿಂಗಾಲು ಏಳಲಿಲ್ಲ. ಶುಕ್ರವಾರ ಬೆಳಿಗ್ಗೆ ಮದ್ದೂರಿನಿಂದ ಡಾಕ್ಟರು ಬಂದರು, ಪಾಪ ಒಳ್ಳೆಯ ಹುಡುಗ. ಕೊಟ್ಟಿಗೆಯಲ್ಲಿ ಕೂತು, ಹೊಟ್ಟೆ ಮುಟ್ಟಿ, ಕಣ್ಣು ನೋಡಿ, ಹದಿನೈದು ವರ್ಷವಾಗಿದೆ, ಒಳಗೆಲ್ಲ ಸೋತಿದೆ, ನೋವಿಗೆ ಔಷಧಿ ಕೊಡುತ್ತೇನೆ, ಕುಡಿದಷ್ಟು ಕುಡಿಸಿ ಅಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಮೇಡಂ, ನೀವು ಅಲ್ಲಿದ್ದು ಬಂದೋರು. ನಿಮಗೆ ಗೊತ್ತಿರುತ್ತೆ. ಅಲ್ಲೆಲ್ಲ ಇಂಥ ಹೊತ್ತಲ್ಲಿ ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡ್ತಾರೆ. ನೀವು ಹೇಳಿದ್ರೆ..."

ನಾದಿನಿ ಜಾರ್ಜಣ್ಣನ ಕಿವಿಯನ್ನು ಅಂಗೈಯಿಂದ ಮುಚ್ಚಿದಳು. ಅದಕ್ಕೇ ನಾನು ನುಗ್ಗಿದೆ.

"ಏನಂದ್ರಿ ಡಾಕ್ಟ್ರೆ? ಈ ಊರಲ್ಲಿ ವಯಸ್ಸಾದೋರಿಗೆಲ್ಲ ಇಂಜೆಕ್ಷನ್ ಕೊಡಂಗಿದ್ರೆ ನನ್ನಿಂದ ಸುರು ಮಾಡಿ."

ಡಾಕ್ಟರು ನೋವಿನ ಔಷಧಿ ಕೊಟ್ಟು ಬ್ಯಾಗು ಮುಚ್ಚಿದರು. ಅವರು ಹೋದ ಮೇಲೂ ಅವಳು ಹಾಗೇ ಕೂತಿದ್ದಳು. ಬೈದರೆ ಎದ್ದು ಜಗಳಕ್ಕೆ ಬರುತ್ತಾಳೆ, ಅದೇ ವಾಸಿ ಅಂತ ಕೆಣಕಿದೆ.

"ಇದ್ಕೇಯಾ ಅಮ್ಮಿ, ಮುದಿನಾಯಿನ ಸಮುದ್ರ ದಾಟ್ಸಿ ತಂದಿದ್ದು?"

"ಇದ್ಕೇ ಕಣತ್ಗೆ" ಅಂದಳು.

ಆಮೇಲೆ ಜಾರ್ಜಣ್ಣನ ಕಿವಿ ಸವರುತ್ತಾ ಮೆಲ್ಲಗೆ ಹೇಳಿದಳು. "ಅಲ್ಲೋರು ಮಾಡೋದು ತಪ್ಪು ಅನ್ನಲ್ಲ. ನೋವು ತಿನ್ನಬಾರ್ದು ಅಂತ ಮಾಡ್ತಾರೆ, ಅದೂ ಪ್ರೀತಿನೇ. ಇವನಿಗಿಂತ ಮೊದ್ಲು ನನ್ನತ್ರ ಒಂದು ಹೆಣ್ಣು ನಾಯಿ ಇತ್ತು. ನಾನೇ ಕರ್ಕೊಂಡೋದೆ. ವಾಕಿಂಗ್ ಅನ್ಕೊಂಡು ಬಾಲ ಆಡಿಸ್ಕೊಂಡು ಬಂತು. ಎರಡ್ನೇ ಸಲ ನನ್ನ ಕೈಲಾಗಲ್ಲ. ಅವ್ವ ಓಗೋವಾಗ ಬಾಯಿಗೆ ನೀರು ಬುಡಕ್ಕೆ ನಾನಿರ್ಲಿಲ್ಲ ಅತ್ಗೆ. ಇವನಿಗಾದ್ರೂ ನಾನೇ ಬುಡ್ತೀನಿ. ನಮ್ಮನೇಲಿ."

ನಮ್ಮನೇಲಿ ಅಂದಳು. ದನದ ಕೊಟ್ಟಿಗೆಯಲ್ಲಿ ಕೂತುಕೊಂಡು.

ನಾನು ಎದ್ದು ಹೋಗಿ ಯಜಮಾನರನ್ನು ಕರೆದೆ. ನೀವು ಹಿಂಭಾಗ ಹಿಡಿಯಿರಿ ಅಂದೆ. ಹಾಸಿಗೆಯ ಸಮೇತ ಎತ್ತಿದೆವು, ನನ್ನ ಮಂಡಿ ಕಟಕ್ ಅಂದಿತು. ಬೆಳಿಗ್ಗೆಯಷ್ಟೇ ಬಳಿದ ಅರಿಶಿನ ಹೊಸ್ತಿಲಿನ ಮೇಲೆ ಇನ್ನೂ ಹಸಿಯಾಗಿತ್ತು. ಬಾಗಿಲಿನ ತನಕ ಓಡಿಬಂದ ನಾದಿನಿ ಅಲ್ಲೇ ಗಕ್ಕನೆ ನಿಂತಳು.

"ಅಡ್ಡ ನಿಂತ್ಕಬ್ಯಾಡ, ಒಳೀಕೆ ನಡಿಯಮ್ಮಿ. ಭಾರ ಅವ್ನೆ" ಅಂದೆ.

ಅರವತ್ತರ ಹೆಂಗಸು ಹೊಸ ಸೊಸೆಯ ಹಾಗೆ ಬಲಗಾಲಿಟ್ಟು ಒಳಗೆ ಬಂದಳು. ಅವ್ವನ ಫೋಟೋದ ಹತ್ತಿರ ಹೋಗಿ, ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ದಿನಾ ಒರೆಸುತ್ತೇನೆ ನಾನು, ಧೂಳು ಎಲ್ಲಿತ್ತು? ಒರೆಸಲಿ ಬಿಡಿ.

ಸಣ್ಣಮ್ಮ ಇಷ್ಟನ್ನೂ ತನ್ನ ಜಗುಲಿಯಿಂದ ನೋಡಿದ್ದಾಳೆ. ನಿಮ್ಮತ್ತೆ ಇದ್ದಿದ್ದರೆ ಇದಕ್ಕೆ ಏನನ್ನುತ್ತಿದ್ದರು ಅಂತ ಅಲ್ಲಿಂದಲೇ ಕೇಳಿದಳು. ನಾನು ಬಾಗಿಲಿಗೆ ಬಂದು, ಸೊಂಟಕ್ಕೆ ಕೈಕೊಟ್ಟು ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ.

"ನಾಯಿ ಹೊಸ್ತಿಲು ದಾಟಬಾರ್ದು ಅಂದಿದ್ರು ನಮ್ಮತ್ತೆ. ಇವನೆಲ್ಲಿ ದಾಟಿದ? ನಾವು ಎತ್ಕೊಂಡು ಬಂದೋ."

ಇವತ್ತಿಗೆ ನಾಲ್ಕು ದಿನ. ನಾದಿನಿ ಅಡುಗೆಮನೆಯಲ್ಲಿ ಜಾರ್ಜಣ್ಣನಿಗೆ ರಾಗಿ ಅಂಬಲಿ ಕಾಯಿಸುತ್ತಿದ್ದಾಳೆ. ತಳ ಹಿಡಿದ ವಾಸನೆ ಇಲ್ಲಿಗೇ ಬರುತ್ತಿದೆ. ಮೂವತ್ತು ವರ್ಷ ಇಂಗ್ಲೆಂಡಿನಲ್ಲಿದ್ದವಳಿಗೆ ಅಂಬಲಿ ತಿರುವುವುದು ಎಲ್ಲಿ ಗೊತ್ತು? ಕೆಂಚ ಆಗಾಗ ಬಂದು ಹೊಸ್ತಿಲ ಆಚೆಯಿಂದ ಇಣುಕಿ, ಇವನಿಗೊಂದು ನ್ಯಾಯ ನನಗೊಂದು ನ್ಯಾಯವೇ ಅನ್ನುವ ಹಾಗೆ ನೋಡಿ ಹೋಗುತ್ತಾನೆ. ಅತ್ತೆಯ ಫೋಟೋದ ಕೆಳಗೆ ಗೋಡೆಗೆ ಒರಗಿ ಕೂತು ನಾನು ಇದನ್ನು ಒತ್ತುತ್ತಿದ್ದೇನೆ. ಜಾರ್ಜಣ್ಣ ನನ್ನ ಎಡಗಾಲಿನ ಮೇಲೆ ಗಡ್ಡ ಇಟ್ಟು ಮಲಗಿದ್ದಾನೆ. ಉಸಿರು ಬರುತ್ತದೆ, ಸ್ವಲ್ಪ ತಡೆಯುತ್ತದೆ, ಮತ್ತೆ ಬರುತ್ತದೆ. ಕಾಲು ಜೋಮು ಹಿಡಿದು ಅರ್ಧ ಗಂಟೆಯಾಯಿತು. ಎಳೆದುಕೊಳ್ಳುವುದಿಲ್ಲ. ಯಾರು ಏನು ಬೇಕಾದರೂ ಅಂದುಕೊಳ್ಳಿ.