ಅಲುಗಿದರೆ ಓಡುವ ಹೃದಯ

ಮನುಷ್ಯನಿಗೆ ಸಿಟ್ಟು ಬಂದಾಗ ಎದೆ ಡವಡವ ಎನ್ನಬೇಕು. ಇಲ್ಲದಿದ್ದರೆ ಬಂದದ್ದು ಸಿಟ್ಟೋ ಆಕಳಿಕೆಯೋ ಅವನಿಗೇ ಗೊತ್ತಾಗುವುದಿಲ್ಲ. ಈ ಸತ್ಯ ನನಗೆ ಹೊಳೆದದ್ದು ಎದೆಯ ಚರ್ಮದಡಿ ಪೇಸ್‌ಮೇಕರ್ ಇಡಿಸಿಕೊಂಡ ಮೇಲೆ. ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ, ಉಪಕರಣಗಳನ್ನು ಕಂಪನದ ಮೇಜಿಗೆ ಬಿಗಿದು, ತಾಳುತ್ತವೋ ಇಲ್ಲವೋ ಎಂದು ಗಡಗಡ ಅಲುಗಾಡಿಸಿ ನೋಡುವುದು ನನ್ನ ಕೆಲಸ. ಮೈಸೂರಿನಿಂದ ವರ್ಗವಾಗಿ ಬಂದಂದಿನಿಂದ ಅದೇ ಮೇಜು, ಅದೇ ನನ್ನ ರಾಜ್ಯ. ಆಸ್ಪತ್ರೆಯಿಂದ ಮರಳಿ, ಮೂರನೇ ಮಹಡಿಯಲ್ಲಿರುವ ವಿಭಾಗದ ಮುಖ್ಯಸ್ಥರ ಕೋಣೆಗೆ ಹತ್ತುವಷ್ಟರಲ್ಲಿ ಏದುಸಿರು ಬಂತು. ಅವರು ನೋಡಿಬಿಟ್ಟರು. "ಸಾರ್‌ಗೆ ಇನ್ನು ರೆಸ್ಟ್ ಬೇಕು. ಮುಂದಿನ ವಾರದಿಂದ ಲೈಬ್ರರಿ ನೋಡಿಕೊಳ್ಳಿ" ಎಂದರು. ನನ್ನ ಮೇಜು ನನ್ನ ಕೈಕೆಳಗಿನವನಿಗಂತೆ! ಒಳಗೆ ಕುದಿಯುತ್ತಿದ್ದೆ; ನಾಡಿ ಹಿಡಿದು ನೋಡಿದರೆ ತಣ್ಣಗೆ ಅರವತ್ತು. ಆ ಯಂತ್ರಕ್ಕೆ ಅವಮಾನ ಅರ್ಥವಾಗುವುದಿಲ್ಲ.

ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಪೇಸ್‌ಮೇಕರ್ ಇಟ್ಟಿದ್ದ ಎರ್ನಾಕುಲಂನ ಡಾಕ್ಟರರ ಬಳಿ ಹೋದೆ. "ನಾನು ಚಟುವಟಿಕೆಯ ಮನುಷ್ಯ, ಅದಕ್ಕೆ ತಕ್ಕಂತೆ ವೇಗ ಹೆಚ್ಚಿಸಿ" ಎಂದೆ ಇಂಗ್ಲಿಷಿನಲ್ಲಿ. "ಯಾವ ಚಟುವಟಿಕೆ? ಕಾಫಿ ಲೋಟ ಕೂಡ ಕೂತಲ್ಲಿಗೇ ಬರ್ಬೇಕು" ಎಂದಳು ಹೆಂಡತಿ ಪದ್ಮಾ. ಪುಣ್ಯಕ್ಕೆ ಡಾಕ್ಟರರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಎದೆಯ ಮೇಲೆ ಏನೋ ಇಟ್ಟು, ಏನೋ ಒತ್ತಿ, ನನ್ನನ್ನು ವರಾಂಡದಲ್ಲಿ ನಡೆಸಿ ನೋಡಿ, "ಮೈ ಅಲುಗಿದಷ್ಟೂ ಇದು ವೇಗ ಹೆಚ್ಚಿಸುತ್ತದೆ" ಎಂದರು. ಅಲುಗಾಟವೇ ನನ್ನ ಹೊಟ್ಟೆಪಾಡು. ಆದರೂ ಬುದ್ಧಿ ಓಡಲಿಲ್ಲ. ಖುಷಿಯಿಂದ ತಲೆಯಾಡಿಸಿದೆ.

ವಾಪಸು ಬರುವಾಗ ಬಸ್ಸು ಒಂದು ಹೊಂಡವನ್ನೂ ಬಿಡಲಿಲ್ಲ. ಸುಮ್ಮನೆ ಕೂತಿದ್ದ ನನ್ನ ಹೃದಯ ನಾಗಾಲೋಟದಲ್ಲಿ ಓಡಿತು. "ಯಾಕ್ರೀ ಎದೆ ಹಿಡ್ಕೊಂಡಿದ್ದೀರಾ?" ಎಂದಳು ಪದ್ಮಾ. "ಚಟುವಟಿಕೆ" ಎಂದೆ. ಮರುದಿನ ಮುಖ್ಯಸ್ಥರ ಕೋಣೆಗೆಂದು ಗೌರವಸ್ಥನಂತೆ ಮೆಲ್ಲಗೆ ಮೆಟ್ಟಿಲು ಹತ್ತಿದರೆ ಮತ್ತೆ ಅದೇ ಏದುಸಿರು. ಆಗ ತಿಳಿಯಿತು: ಮೆಲ್ಲಗೆ ಹತ್ತುವವನ ಮೈ ಅಲುಗುವುದಿಲ್ಲ, ಅಲುಗದಿದ್ದರೆ ಹೃದಯದ ವೇಗ ಏರುವುದಿಲ್ಲ. ಯಂತ್ರದ ಲೆಕ್ಕದಲ್ಲಿ ಬಸ್ಸಿನಲ್ಲಿ ಕೂತವನು ಶ್ರಮಜೀವಿ, ಮಹಡಿ ಹತ್ತುವವನು ಸೋಮಾರಿ. ನಮ್ಮ ಸಂಸ್ಥೆಯ ಲೆಕ್ಕವೂ ಹೆಚ್ಚುಕಡಿಮೆ ಅದೇ.

ಉಳಿದ ಮೆಟ್ಟಿಲುಗಳನ್ನು ಧಪಧಪ ಕಾಲು ಕುಟ್ಟುತ್ತ ಹತ್ತಿದೆ. ಹೃದಯ ಎಚ್ಚೆತ್ತಿತು, ಏದುಸಿರು ಅಡಗಿತು, ಎಷ್ಟೋ ದಿನಗಳ ಮೇಲೆ ಸಿಟ್ಟು ಸಿಟ್ಟಿನಂತೆಯೇ ಬಂತು. "ನೋಡಿ, ನಾನು ಸರಿಯಾಗಿದ್ದೇನೆ! ನನ್ನ ಮೇಜು ನನಗೇ ಬೇಕು" ಎಂದೆ ಬಾಗಿಲಲ್ಲೇ. ಮುಖ್ಯಸ್ಥರು ಗಾಬರಿಯಿಂದ ಕುರ್ಚಿ ಎಳೆದರು. "ಅಯ್ಯೋ ಸಾರೇ, ಕೂತುಕೊಳ್ಳಿ! ಕಾಲು ಕುಟ್ಟುವುದು ಇಲ್ಲಿಯವರೆಗೆ ಕೇಳಿಸಿತು. ಹಾರ್ಟ್ ಪೇಷೆಂಟಿಗೆ ಇಷ್ಟು ಕೋಪವೇ? ಮುಂದಿನ ವಾರದವರೆಗೆ ಕಾಯುವುದು ಬೇಡ, ಇವತ್ತೇ ಲೈಬ್ರರಿಗೆ ಹೋಗಿ."

ಲೈಬ್ರರಿ ಇರುವುದು ನೆಲಮಹಡಿಯಲ್ಲಿ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮೈ ತಾನಾಗಿಯೇ ಕುಲುಕುತ್ತದಲ್ಲ, ಯಂತ್ರ ನಾನೇನೋ ಮಹತ್ಕಾರ್ಯಕ್ಕೆ ಹೊರಟೆನೆಂದು ತಿಳಿದು ಉತ್ಸಾಹದಿಂದ ಬಡಿದುಕೊಂಡಿತು. ನಾನು ಕೆಳಗಿಳಿದದ್ದಕ್ಕೆ ಇಡೀ ಸಂಸ್ಥೆಯಲ್ಲಿ ಅಷ್ಟು ಸಂಭ್ರಮಪಟ್ಟದ್ದು ನನ್ನ ಹೃದಯವೊಂದೇ.