‘ಅಂದ್ರೆ’ ಎಂಬ ಮಾತಿನ ಪರವಾಗಿ ಒಂದು ಅಹವಾಲು

ಕಾಲೇಜಿನಲ್ಲಿ ಭಾಷಣಕಲೆ ಕಲಿಸುವ ಮೇಷ್ಟ್ರ ಸನ್ನಿಧಿಗೆ, ತಮ್ಮ ತರಗತಿಯ ಹುಡುಗಿಯೊಬ್ಬಳ ತಾಯಿ ಎರಡೂ ಕೈ ಜೋಡಿಸಿ, ನಾಲ್ಕು ಜನ ಓದಲಿ ಎಂದೇ ಬರೆಯುವುದು.

ಮಾನ್ಯರೇ,

ದೇವರು ತಮಗೆ ಆಯುಸ್ಸನ್ನೂ ಆರೋಗ್ಯವನ್ನೂ, ತಮ್ಮ ಮೇಜಿನ ಮೇಲಿನ ಹಿತ್ತಾಳೆ ಗಂಟೆಗೆ ಸ್ವಲ್ಪ ವಿಶ್ರಾಂತಿಯನ್ನೂ ಕೊಡಲಿ. ಭಾಷಣ ಮಾಡುವ ಮಕ್ಕಳು ‘ಅಂದ್ರೆ’ ಎಂದಾಗಲೆಲ್ಲ ತಾವು ಅದನ್ನು ಠಣ್ಣೆಂದು ಬಾರಿಸಿ, ಆ ಮಾತಿನ ಜಾಗದಲ್ಲಿ ಗಂಭೀರವಾಗಿ ಸುಮ್ಮನಿರಲು ಕಲಿಸುತ್ತೀರೆಂದು ತಿಳಿದು ಬಹಳ ಸಂತೋಷವಾಯಿತು. ನಾನು ದಿನಾ ಬೆಳಿಗ್ಗೆ ಗಂಟೆ ಬಾರಿಸುವುದು ದೇವರು ಬರಲಿ ಎಂದು. ಗಂಟೆ ಬಾರಿಸಿ ಮಾತನ್ನೇ ಓಡಿಸಬಹುದೆಂದು ನಮ್ಮ ಹಳ್ಳಿ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ತಮ್ಮ ವಿದ್ಯೆ ಚೆನ್ನಾಗಿಯೇ ಹತ್ತಿದೆ. ನಲ್ಲಿಯಲ್ಲಿ ನೀರು ಬಂತೆಂದು ಹೇಳಲಿಕ್ಕೂ ಮಾತಿನಲ್ಲೇ ಊರೆಲ್ಲ ಸುತ್ತಿ ಬರುತ್ತಿದ್ದ ಮಗಳು ಈಗ “ನೀರು ಬಂದಿದೆ” ಎಂದು ಘೋಷಿಸಿ, ಎಡಕ್ಕೆ ಅಜ್ಜಿಯನ್ನೂ ಬಲಕ್ಕೆ ಬೆಕ್ಕನ್ನೂ ಸಮನಾಗಿ ನೋಡುತ್ತಾಳೆ. “ಏನೇ ಇದು, ವಾರ್ತೆ ಓದೋರ ಥರ ಆಡ್ತಾಳಲ್ಲ!” ಎಂದು ನಮ್ಮತ್ತೆ ಗಾಬರಿಯಾದರು. “ಬಿಡಮ್ಮ, ಈ ಮನೇಲಿ ಒಬ್ರಾದ್ರೂ ಕಮ್ಮಿ ಮಾತಾಡ್ಲಿ” ಎಂದು ಯಜಮಾನರು ನನ್ನ ಕಡೆ ನೋಡಿಕೊಂಡೇ ಅಂದರು. ಅವರಿಗೊಂದು ಗಂಟೆ ಬೇರೆಯಾಗಿ ಕಳಿಸಿಕೊಡಬೇಕೆಂದು ಪ್ರಾರ್ಥನೆ.

ಅಹವಾಲು ಏನಪ್ಪಾ ಅಂದ್ರೆ, ನಮ್ಮ ಮನೆಯಲ್ಲಿ ಹೆದರಿದ ಮಾತು ‘ಅಂದ್ರೆ’ಯ ಕೈ ಹಿಡಿದುಕೊಂಡೇ ಆಚೆಗೆ ಬರುವುದು. “ಅಮ್ಮಾ... ಅಂದ್ರೆ...” ಎಂದು ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತರೆ ನಾನು ಒಲೆ ಆರಿಸಿ ಕೂರುತ್ತೇನೆ. ಲೆಕ್ಕದಲ್ಲಿ ಫೇಲಾದದ್ದೂ ಹೀಗೇ ಗೊತ್ತಾದದ್ದು. ಮೊನ್ನೆ ಸಂಜೆ ಅವಳು ಅಲ್ಲೇ ನಿಂತು “ಅಮ್ಮಾ” ಎಂದಳು. ಆಮೇಲೆ ತಾವು ಕಲಿಸಿದ ಹಾಗೆ ಸುಮ್ಮನಾದಳು. ‘ಅಂದ್ರೆ’ ಬರಲಿಲ್ಲವಲ್ಲ, ಅಂಥದ್ದೇನಿಲ್ಲ ಎಂದುಕೊಂಡು ನಾನು “ಹಿಂಗೇ ನಿಂತ್ಕೊಂಡ್ರೆ ಬಟ್ಟೆ ಮಡಚೋರ್ಯಾರು?” ಎಂದು ಕಳಿಸಿಬಿಟ್ಟೆ.

ಮರುದಿನ ಅವಳ ಗೆಳತಿ ಬಂದಳು. “ಆಂಟಿ, ಗುರುವಾರದ ಭಾಷಣ ಪರೀಕ್ಷೆಗೆ ಅವ್ಳು ಬರಲ್ವಂತೆ, ಕಾಲೇಜೇ ಬಿಡ್ತಾಳಂತೆ. ನಿಮಗೆ ಹೇಳಿದ್ಲಂತಲ್ಲ?” ಹೇಳಿದ್ದಳು ಮೇಷ್ಟ್ರೇ, ತಮ್ಮ ಪಾಠದ ಪ್ರಕಾರ ಪೂರ್ತಿಯಾಗಿಯೇ ಹೇಳಿದ್ದಳು.

ಬಟ್ಟೆ ಮಡಚುತ್ತಿದ್ದವಳ ಪಕ್ಕದಲ್ಲಿ ಕೂತು ನಾನೇ “ಅಂದ್ರೆ?” ಎಂದು ಕೇಳಿದೆ. ಕಟ್ಟೆ ಒಡೆಯಿತು. “ಎದ್ದು ನಿಂತ್ರೆ ಸಾಕಮ್ಮಾ, ಬಾರಿಸ್ದೇ ಇದ್ರೂ ಕಿವೀಲಿ ಠಣ್ ಅನ್ನುತ್ತೆ. ಅಂದ್ರೆ... ಎಲ್ಲರೂ ನಗ್ತಾರೆ.” ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಎರಡಕ್ಷರದ ಮಾತಿಗೆ ಎಡವಿ ಇಳಿದು ಬರುವುದೆಂದರೆ ನನಗೆ ಅನ್ನ ಸೇರುವುದಿಲ್ಲ.

ನಮ್ಮ ಬೀದಿಯ ಸಂಘದ ಅಧ್ಯಕ್ಷರು ಮೈಕು ಹಿಡಿದರೆ ಒಂದೂ ‘ಅಂದ್ರೆ’ ಇಲ್ಲದೆ ಊಟದ ಹೊತ್ತು ಮೀರುವವರೆಗೆ ಮಾತನಾಡುತ್ತಾರೆ. ಚರಂಡಿ ಯಾವಾಗ ಸರಿಯಾಗುತ್ತದೆಂದು ಮಾತ್ರ ತಿಳಿಯುವುದಿಲ್ಲ. ಇಂಥವರಿಗೆ ಗಂಟೆಯನ್ನು ಯಾವಾಗ ಬಾರಿಸಬೇಕೆಂದು ತಾವು ದಯವಿಟ್ಟು ಅಪ್ಪಣೆ ಕೊಡಿಸಬೇಕು. ಅದಾಗದಿದ್ದರೆ, ಗುರುವಾರ ಒಂದು ದಿನ ಆ ಗಂಟೆಯನ್ನು ಮೇಜಿನ ಡ್ರಾಯರಿಗೆ ಸೇರಿಸಿ. ಹುಡುಗಿ ‘ಅಂದ್ರೆ’ ಎಂದರೆ, ಮುಂದಿನದು ಬರುವ ತನಕ ಕಾಯಿರಿ. ಬರುತ್ತದೆ. ನಾನು ಕಾದು ನೋಡಿದ್ದೇನೆ.

ದೇವರಿಗೆ ಹೆದರುವ, ಗಂಟೆಗೆ ಹೆದರದ,
ತಮ್ಮ ವಿಶ್ವಾಸಿ,
ಒಬ್ಬ ತಾಯಿ

ವಿ.ಸೂ.: ಗುರುವಾರದ ಭಾಷಣಕ್ಕೆ ವಿಷಯ ಅವರವರ ಇಷ್ಟವೆಂದು ತಾವೇ ಹೇಳಿದ್ದೀರಂತೆ. ಮಗಳು ನಿನ್ನೆ ಈ ಪತ್ರ ಓದಿ ಬಿದ್ದು ಬಿದ್ದು ನಕ್ಕಳು. ಈಗ ಪರೀಕ್ಷೆಗೆ ಬರುತ್ತಾಳೆ. ಇದನ್ನೇ ತಮ್ಮೆದುರು ನಿಂತು ಓದುತ್ತಾಳೆ. ‘ಅಂದ್ರೆ’ ಇರುವ ಕಡೆಯೆಲ್ಲ ಕೆಂಪು ಗೆರೆ ಎಳೆದುಕೊಂಡಿದ್ದಾಳೆ, ಜೋರಾಗಿ ಹೇಳುವುದಕ್ಕೆ.