ಕೊನೆಯ ಸಾಲಿನ ಗೌರಕ್ಕ

ಕಳೆದ ಡಿಸೆಂಬರ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ಕಡೂರಿನ ಮನೆಯೊಂದರ ನಡುಮನೆಯಲ್ಲಿ ಕುಳಿತು, ಇಪ್ಪತ್ತಾರು ವರ್ಷ ಪತ್ರಿಕೆಯಲ್ಲಿ ದುಡಿದ ವ್ಯಕ್ತಿಯೊಬ್ಬ ತನ್ನ ಹೆಂಡತಿಯ ಅಕ್ಕನನ್ನು ಕತ್ತರಿಸಿ ಹಾಕಿದ. ಇದು ಆತನ ಎರಡನೇ ಕೃತ್ಯ. ಆ ವ್ಯಕ್ತಿ ನಾನು. ರಕ್ತ ಬರಲಿಲ್ಲ, ದೂರೂ ದಾಖಲಾಗಲಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ವೃತ್ತಿಧರ್ಮವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲ ಕೃತ್ಯದ ವಿವರ ಹೀಗಿದೆ. ನಾಲ್ಕು ವರ್ಷಗಳ ಹಿಂದೆ ಅಜ್ಜಂಪುರದ ಸಮಾರಂಭವೊಂದರಲ್ಲಿ ನನ್ನ ಹೆಂಡತಿ ಪುಷ್ಪ ಮತ್ತು ಅವಳ ಅಕ್ಕ ಗೌರಮ್ಮ ಜೊತೆಯಾಗಿ ಹಾಡಿದರು. ಚಿಕ್ಕಂದಿನಿಂದಲೂ ಅವರು ಹಾಡುತ್ತಿದ್ದದ್ದೇ ಹಾಗೆ. ತಂಗಿ ಒಂದು ಸಾಲು ಎತ್ತಿಕೊಟ್ಟರೆ ಅಕ್ಕ ಉತ್ತರ ಹೇಳುವುದು. ವರದಿ ಬರೆದವನು ನಾನೇ. ಸುದ್ದಿಮನೆಯಲ್ಲಿ ನಮಗೆ ಮೊದಲ ದಿನವೇ ಕಲಿಸಿದ ಪಾಠವೊಂದಿದೆ: ಮುಖ್ಯವಾದದ್ದನ್ನು ಮೊದಲು ಬರೆ, ಜಾಗ ಸಾಲದಿದ್ದರೆ ಬಾಲ ಕತ್ತರಿಸು. ಅಂದು ಜಾಗ ಸಾಲಲಿಲ್ಲ, ಕತ್ತರಿಸಿದೆ. 'ಸಹೋದರಿ ಗೌರಮ್ಮ ದನಿಗೂಡಿಸಿದರು' ಎಂಬುದು ಬಾಲದಲ್ಲಿತ್ತು. ಮರುದಿನ ಬೆಳಿಗ್ಗೆ ಗೌರಕ್ಕನ ಫೋನು ಬಂತು. "ಏನ್ರೀ ಪೇಪರ್‌ನೋರೆ, ಪುಷ್ಪ ಹಾಡಿದ್ಲಂತೆ. ನಾನೇನು ಅಲ್ಲಿ ಮೈಕಿನ ಕಂಬಾನಾ?" ಎಂದರು. ನಾನು ಸ್ಥಳಾವಕಾಶದ ಕೊರತೆಯ ಬಗ್ಗೆ ವಿವರಿಸಿದೆ. ಅದು ಇನ್ನೊಂದು ತಪ್ಪು. ಅಲ್ಲಿಂದೀಚೆಗೆ ಅವರು ಮದುವೆ ಮನೆಗಳಲ್ಲಿ ಸಿಕ್ಕರೆ "ಊಟ ಮಾಡ್ಕಂಡು ಹೋಗಿ" ಎನ್ನುವುದನ್ನು ಬಿಟ್ಟು ನಮ್ಮೊಂದಿಗೆ ಬೇರೆ ಮಾತಾಡಿರಲಿಲ್ಲ. ಪುಷ್ಪನ ಜೊತೆ ಹಾಡುವ ಮಾತಂತೂ ನಿಂತೇ ಹೋಯಿತು.

ಪುಷ್ಪ ಒಬ್ಬಳೇ ಹಾಡತೊಡಗಿದಳು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿ ಹಾಡಿ, ಅದನ್ನು ಅಂತರ್ಜಾಲಕ್ಕೆ ಹಾಕುತ್ತಿದ್ದಳು. ಕೇಳುವವರು ಹುಟ್ಟಿಕೊಂಡರು. ತರೀಕೆರೆಯ ಟೈಲರ್ ರಂಗಸ್ವಾಮಿ ಎಂಬವರು ಇವಳ ಹಾಡು ಹಾಕದೆ ಹೊಲಿಗೆ ಮೆಷಿನ್ ತುಳಿಯುವುದೇ ಇಲ್ಲವಂತೆ. ನನ್ನ ಇಪ್ಪತ್ತಾರು ವರ್ಷದ ವೃತ್ತಿಯಲ್ಲಿ ನನಗೆ ಬಂದ ಓದುಗರ ಪತ್ರಗಳೆಲ್ಲ ತಿದ್ದುಪಡಿ ಕೇಳಿ ಬಂದವು. ಆದರೂ ನನಗೆ ಅಸೂಯೆ ಇಲ್ಲ. ಇಲ್ಲವೆಂದು ಪುಷ್ಪನಿಗೆ ಹೇಳಿದ್ದೇನೆ.

ಹೋದ ನವೆಂಬರಿನಲ್ಲಿ ಅವಳೇ ಒಂದು ಹಾಡು ಕಟ್ಟಿದಳು. ತಂಗಿ ರೈಲಿನಲ್ಲಿ ಕಿಟಕಿಯೊಳಗಿಂದ ಟವೆಲ್ ಹಾಸಿ ಅಕ್ಕನಿಗೆ ಸೀಟು ಹಿಡಿದಿದ್ದಾಳೆ, ಅಕ್ಕನ ಸುಳಿವಿಲ್ಲ. 'ಬೀರೂರು ಬಂತು, ಬಾರೇ ಅಕ್ಕ' ಎಂದು ತಂಗಿ ಕೂಗುತ್ತಾಳೆ. 'ತಡಿಯೇ, ಬಂದೆ ಕಣೇ' ಎಂಬುದು ಉತ್ತರ. ಆ ಉತ್ತರವನ್ನು ಪುಷ್ಪ ಹಾಡದೆ ಖಾಲಿ ಬಿಟ್ಟಳು. "ಈ ಸಾಲು ನೀವು ಹಾಡಿ, ನಿಮ್ಮ ಫೋನಲ್ಲೇ ವಿಡಿಯೋ ಮಾಡಿ ಕಳಿಸಿ. ಎಲ್ಲಾ ಸೇರಿಸಿ ಒಂದು ಹಾಡಿನ ವಿಡಿಯೋ ಮಾಡೋಣ. ಹತ್ತೇ ಸೆಕೆಂಡು" ಎಂದು ಕೇಳುಗರಿಗೆ ಹೇಳಿದಳು. ಆ ಖಾಲಿ ಜಾಗ ಯಾರಿಗಾಗಿ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಪ್ರತಿ ಸಲ ಫೋನ್ ಸದ್ದಾದಾಗಲೂ ಅವಳು ಒದ್ದೆ ಕೈಯಲ್ಲೇ ಓಡಿ ಬರುತ್ತಿದ್ದದ್ದನ್ನು ಮಾತ್ರ ಗಮನಿಸಿದೆ.

ಚಿತ್ರೀಕರಣ ನಮ್ಮ ಜಗಲಿಯಲ್ಲಿ ನಡೆಯಿತು. ಬೆಂಚು ರೈಲಿನ ಸೀಟಾಯಿತು, ಜಗಲಿಯ ಕಿಟಕಿ ರೈಲಿನ ಕಿಟಕಿಯಾಯಿತು. ಓಡುವ ತೆಂಗಿನಮರಗಳನ್ನು ಶಿವನಿಯ ಕೇಳುಗರೊಬ್ಬರು ನಿಜವಾದ ರೈಲಿನಿಂದಲೇ ಹಿಡಿದು ಕಳಿಸಿದರು. ರೈಲು ಅಲುಗಾಡಬೇಕಲ್ಲ, ಆ ಜವಾಬ್ದಾರಿ ನನ್ನದು. ಬೆಂಚಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಅದರ ಕಾಲನ್ನು ಹಿಡಿದು ಅಲ್ಲಾಡಿಸಿದೆ. "ರೀ, ಪ್ಯಾಸೆಂಜರ್ ಗಾಡಿ ಅದು, ಭೂಕಂಪ ಅಲ್ಲ" ಎಂದು ಪುಷ್ಪ ಎರಡು ಸಲ ಎಚ್ಚರಿಸಿದಳು.

ಆಮೇಲೆ ವಿಡಿಯೋಗಳು ಬರತೊಡಗಿದವು. ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮ ಕಡೆ ಯಾರೇ ಮನೆಗೆ ಬರಲಿ, ಬಂದ ವಿಷಯವನ್ನು ಬಂದ ಕೂಡಲೇ ಹೇಳುವುದಿಲ್ಲ. ತಿಂಡಿ, ಮಳೆ, ಮಂಡಿನೋವು, ಕೊಬ್ಬರಿ ಧಾರಣೆ ಎಲ್ಲ ಮುಗಿದು, ಎದ್ದು, ಒಂದು ಕಾಲು ಚಪ್ಪಲಿಯೊಳಗೆ ಹೋದ ಮೇಲೆ "ಅಂದಂಗೆ..." ಎಂದು ಬಾಯಿ ಬಿಡುತ್ತಾರೆ. ಕೇಳುಗರು ಕಳಿಸಿದ ವಿಡಿಯೋಗಳೂ ಹಾಗೇ ಇದ್ದವು. "ಪುಷ್ಪಕ್ಕಾ, ನಾನ್ ಕಣಕ್ಕಾ, ತರೀಕೆರೆ ರಂಗಸ್ವಾಮಿ. ತಿಂಡಿ ಆಯ್ತಾ? ನಮ್ದು ಇವತ್ತು ಅಕ್ಕಿರೊಟ್ಟಿ. ಇದು ನಮ್ ಮೆಷಿನ್ನು. ಇವ್ಳು ನಮ್ಮನೇವ್ಳು. ಬಾರೇ ಇತ್ಲಾಗೆ, ನಾಚ್ಕೊಂಬ್ಯಾಡ..." ಎಂದು ಟೈಲರ್ ಒಂದು ನಿಮಿಷ ಮಾತಾಡಿ ಕೊನೆಗೆ ಹಾಡಿದ್ದರು.

"ಕತ್ತರಿಸೋದು ನಿಮಗೆ ಗೊತ್ತಲ್ಲ, ನೀವೇ ಕೂತ್ಕೊಳ್ಳಿ" ಎಂದಳು ಪುಷ್ಪ. ಮಾತಿನಲ್ಲಿ ಮುಳ್ಳಿತ್ತೋ ಇಲ್ಲವೋ, ಖಚಿತಪಡಿಸಿಕೊಳ್ಳಲು ಆಗಲಿಲ್ಲ. ನಾನು ಶಿಸ್ತಿನಿಂದ ಕುಳಿತೆ. ಮಾತಾಡಿದವರನ್ನು ಪೂರ್ತಿ ಕೇಳಿ, ಹಾಡಿನ ಸಾಲನ್ನಷ್ಟೇ ಉಳಿಸಿದೆ. ಮೂವತ್ತು ಸೆಕೆಂಡು ಕಳೆದರೂ ಮುಖವನ್ನೂ ತೋರಿಸದ, ಮಾತನ್ನೂ ಆಡದ ವಿಡಿಯೋಗಳನ್ನು ಸುದ್ದಿ ಅಲ್ಲವೆಂದು ತೆಗೆದುಹಾಕಿದೆ. ಅಂಥದ್ದು ಇದ್ದದ್ದು ಒಂದೇ. ಗೊತ್ತಿಲ್ಲದ ನಂಬರಿನಿಂದ ಬಂದಿತ್ತು. ಒಂದು ಹಿತ್ತಲು, ತೆಂಗಿನ ಸಿಪ್ಪೆಯ ರಾಶಿ, ಒಂದು ಕರು, ಬೆನ್ನು ಹಾಕಿ ದಾಸವಾಳದ ಗಿಡಕ್ಕೆ ನೀರು ಹೊಯ್ಯುತ್ತಿರುವ ಹೆಂಗಸು. ಅರ್ಧ ನಿಮಿಷ ನೀರೇ ಹೊಯ್ದರು. ಅಳಿಸಿದೆ. ಮೇಜು ಚೊಕ್ಕಟವಾಗಿರಬೇಕೆಂಬ ಅಭ್ಯಾಸದಿಂದ ಪುಷ್ಪನ ಫೋನಿನಿಂದಲೂ ಅಳಿಸಿದೆ. ಅವಳು ಅದನ್ನು ಇನ್ನೂ ತೆರೆದು ನೋಡಿರಲಿಲ್ಲ.

ಮೂರು ದಿನದ ಮೇಲೆ ಪುಷ್ಪ ಸಿದ್ಧವಾದ ಹಾಡನ್ನು, ಹೊರಗೆ ಹಾಕುವ ಮುಂಚೆ, ವಿಡಿಯೋ ಕಳಿಸಿದವರಿಗೆಲ್ಲ ಕಳಿಸಿದಳು. ಹೊಗಳಿಕೆಗಳ ನಡುವೆ ಆ ಗೊತ್ತಿಲ್ಲದ ನಂಬರಿನಿಂದ ಒಂದು ಸಂದೇಶ ಬಂತು: "ಗೊತ್ತಿತ್ತು ಬಿಡೇ ಪುಟ್ಟಿ." ಪುಷ್ಪನನ್ನು ಪುಟ್ಟಿ ಎನ್ನುವವರು ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವಳು ಫೋನನ್ನು ನನ್ನ ಮುಂದೆ ಇಟ್ಟಳು. "ರೀ, ಈ ನಂಬರಿಂದ ಏನ್ ಬಂದಿತ್ತು?" ಎಂದಳು. "ಒಬ್ಬರು ದಾಸವಾಳಕ್ಕೆ ನೀರು ಹಾಕ್ತಿದ್ರು" ಎಂದೆ. "ಆಮೇಲೆ?" ಎಂದಳು. ಆಮೇಲೆ ಏನಾಯಿತೆಂಬುದು ನನಗೆ ಗೊತ್ತಿರಲಿಲ್ಲ. ಅವಳು ಅಡುಗೆಮನೆಗೆ ಹೋಗಿ, ಹಾಡದೆ, ಚಪಾತಿ ಲಟ್ಟಿಸಿದಳು.

ಮರುದಿನ ಅಜ್ಜಂಪುರದ ರೈಲು ಹತ್ತಿದೆ. ಗೌರಕ್ಕ ಮನೆಬಾಗಿಲಲ್ಲೇ ಇದ್ದರು. ನಾನು ವೃತ್ತಿಗೆ ತಕ್ಕಂತೆ ಮುಖ್ಯ ವಿಷಯವನ್ನೇ ಮೊದಲು ಹೇಳಿದೆ: "ಅಕ್ಕಾ, ತಪ್ಪಾಯ್ತು. ಅಳಿಸಿದ್ದು ನಾನು, ಪುಷ್ಪ ನೋಡೇ ಇಲ್ಲ."

"ಒಳಗೆ ಬನ್ನಿ. ಕಾಫಿಗೆ ಸಕ್ಕರೆ ಹಾಕ್ಬೌದೋ, ಶುಗರ್ ಬಂದೈತೋ?" ಎಂದರು ಗೌರಕ್ಕ.

ಮತ್ತೆ ವಿಷಯ ಎತ್ತಿದೆ. "ಕರು ನೋಡುದ್ರಾ? ಮೂಗ್ ಮೇಲೆ ಬಿಳೀ ಚುಕ್ಕೆ ಐತೆ" ಎಂದರು. ಮೂರನೇ ಸಲಕ್ಕೆ ಅವರ ಮಂಡಿನೋವಿನ ಎಣ್ಣೆಯ ಹೆಸರು ತಿಳಿಯಿತು. ಹೀಗೆ ಒಂದೂಕಾಲು ಗಂಟೆ ಕಳೆದ ಮೇಲೆ ಸೋತು ಎದ್ದೆ. ಒಂದು ಕಾಲು ಚಪ್ಪಲಿಯೊಳಗೆ ಹೋಗಿತ್ತು.

"ಅಂದಂಗೆ," ಎಂದರು ಗೌರಕ್ಕ, "ಅದು ನಮ್ ಸೊಸೆ ಫೋನ್ನಾಗೆ ಐತೆ. ಇನ್ನೊಂದ್ಸಲ ಕಳಿಸ್ತಾಳೆ. ಈ ಸಲನಾದ್ರೂ ಕೊನೇವರ್ಗೂ ನೋಡ್ರಪ್ಪಾ, ಪೇಪರ್‌ನೋರೆ."

ನೋಡಿದೆವು. ಒಂದು ನಿಮಿಷ ಇಪ್ಪತ್ತು ಸೆಕೆಂಡು ಗಿಡಕ್ಕೆ ನೀರು. ಆಮೇಲೆ ತಂಬಿಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಗೌರಕ್ಕ ತಿರುಗಿದರು. 'ತಡಿಯೇ, ಬಂದೆ ಕಣೇ' ಎಂದು ಹಾಡಿದರು. ಪುಷ್ಪ ಒಲೆ ಆರಿಸಿ ಬಂದು ಮತ್ತೊಮ್ಮೆ ಹಾಕಿಸಿಕೊಂಡಳು. "ಇದರಲ್ಲಿ ಒಂದು ಹನಿ ನೀರೂ ಕತ್ತರಿಸಬೇಡಿ" ಎಂದಳು.

ಕತ್ತರಿಸಲಿಲ್ಲ. ಪೂರ್ತಿ ವಿಡಿಯೋ ಹಾಡಿನ ಕೊನೆಗೆ ಸೇರಿತು. ಕಳಿಸಿದವರೆಲ್ಲರ ಹೆಸರೂ ಬಂದವು. ಕಟ್ಟಕಡೆಗೆ 'ಸಂಕಲನ ಹಾಗೂ ರೈಲು ಅಲುಗಾಟ' ಎಂದು ಬರೆದು ನನ್ನ ಹೆಸರನ್ನೂ ಹಾಕಿದಳು. ಸಂಕ್ರಾಂತಿಯ ದಿನ ಹಾಡು ಹೊರಬಂತು. ಅಂದು ಗೌರಕ್ಕ ಎಳ್ಳು ಬೀರಲು ನಮ್ಮ ಮನೆಗೇ ಬಂದಿದ್ದರು.

ಗೌರಕ್ಕ ಈ ಹಾಡನ್ನು ತುಂಡು ತುಂಡಾಗಿ ತಮ್ಮ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡಿದ್ದಾರೆ. ಉದ್ದ ಹೆಚ್ಚಾಯಿತೆಂದು ಸೊಸೆಯ ಕೈಲಿ ಕೊನೆಯ ಎಂಟು ಸೆಕೆಂಡು ತೆಗೆಸಿದ್ದಾರೆ. ನನ್ನ ಹೆಸರು ಬರುವುದು ಆ ಎಂಟು ಸೆಕೆಂಡಿನಲ್ಲಿ.